ಹುಳು ಮನೆಯ ಬಂದೂಕು

ನಮ್ಮ ಮನೆಯಲ್ಲಿ ಬಂದೂಕಿದೆ ಎಂದು ಹೇಳಿದರೆ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಒಂದು ಗಳಿಗೆ ಬೇರೆ ಥರ ನೋಡುತ್ತಾರೆ. ಅದು ಎಂಥ ಬಂದೂಕು ಎಂದು ವಿವರಿಸಿದ ಮೇಲೆ ಮತ್ತೆ ಹಳೆಯ ಥರವೇ ನೋಡಲು ಶುರು ಮಾಡುತ್ತಾರೆ. ಅದು ಮಹಾರಾಜರ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಉದ್ದನೆಯ ಕಡ್ಡಿಯಿಂದ ಜಡಿದು, ಆಮೇಲೆ ಚರೆ ಹಾಕಿ, ಮತ್ತೆ ನಾರು ತುರುಕಿ, ಹಿಂದುಗಡೆ ಕೇಪು ಇಟ್ಟು, ಕೊನೆಗೆ ಕುದುರೆ ಎಳೆಯಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಕಡಲೆಕಾಯಿ ಹೊಲಕ್ಕೆ ನುಗ್ಗಿದ ಕಾಡುಹಂದಿ ಊಟ ಮುಗಿಸಿ, ಮಕ್ಕಳುಮರಿ ಕರೆದುಕೊಂಡು ಹೊರಟಿರುತ್ತದೆ.

ನಮ್ಮ ಊರು ಶಿಡ್ಲಘಟ್ಟಕ್ಕೂ ಮೇಲೂರಿಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಬಂದೂಕು ಇರುವುದು ಹುಳು ಮನೆಯ ಬಾಗಿಲ ಮೇಲೆ, ಗೋಡೆಗೆ ಹೊಡೆದ ಎರಡು ಗೂಟಗಳ ಮೇಲೆ ಅಡ್ಡಲಾಗಿ. ಹುಳು ಮನೆ ಎಂದರೆ ರೇಷ್ಮೆ ಹುಳು ಸಾಕುವ ಕೋಣೆ. ನಮ್ಮಲ್ಲಿ ಮನುಷ್ಯರಿಗೆ ಉಳಿದ ಜಾಗ, ಹುಳುಗಳಿಗೆ ಒಳ್ಳೆಯ ಜಾಗ. ಗಾಳಿ, ಬೆಳಕು, ಹೊಸ ಫ್ಯಾನು ಎಲ್ಲವೂ ಅವಕ್ಕೇ ಮೊದಲು.

ಬಂದೂಕನ್ನು ಸಂಪಾದಿಸಿದ್ದು ತಾತನ ಅಪ್ಪ. ತಾತನಿಗೆ ಅದು ಅವರ ಅಪ್ಪನಿಂದ ಬಂತು, ಜೊತೆಗೆ ಲೈಸೆನ್ಸೂ ಬಂತು. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರು. ಯಾವ ಕಾಗದ ಸಿಕ್ಕರೂ ಗಟ್ಟಿಯಾಗಿ ಓದುವ ಚಾಳಿ ಅವರದು, ಔಷಧದ ಡಬ್ಬಿಯ ಮೇಲಿನದ್ದನ್ನೂ ಬಿಡುತ್ತಿರಲಿಲ್ಲ. ಆಯುಧ ಪೂಜೆಯ ದಿನ ಬಂದೂಕು, ಹುಳುವಿಗೆ ಸೊಪ್ಪು ಕತ್ತರಿಸುವ ಕತ್ತಿ, ಅಜ್ಜಿಯ ಈಳಿಗೆ ಮಣೆ, ಅಪ್ಪನ ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ತಾತ ಮಂತ್ರದ ಬದಲು ಲೈಸೆನ್ಸಿನ ಷರತ್ತು ಓದುತ್ತಿದ್ದರು. ಬೆಳೆ ರಕ್ಷಣೆಗೆ ಮಾತ್ರ ಬಳಸತಕ್ಕದ್ದು. ಇನ್ನೊಬ್ಬರ ಕೈಗೆ ಕೊಡತಕ್ಕದ್ದಲ್ಲ. ಮದುವೆ, ಮೆರವಣಿಗೆಗಳಲ್ಲಿ ಪ್ರದರ್ಶಿಸತಕ್ಕದ್ದಲ್ಲ. ಒಂದೊಂದು 'ತಕ್ಕದ್ದಲ್ಲ'ಕ್ಕೂ ನಾವು ಮಕ್ಕಳು ಕೈ ಮುಗಿಯುತ್ತಿದ್ದೆವು.

"ಈ ಕತ್ತಿಗೆ ಬೇಡ್ವಾ ಲೈಸೆನ್ಸು?" ಎಂದು ಅಜ್ಜಿ ಸೊಪ್ಪಿನ ಕತ್ತಿ ತೋರಿಸಿ ಪ್ರತಿ ವರ್ಷ ಕೇಳುತ್ತಿದ್ದರು. ಅದು ಬಂದೂಕಿಗಿಂತ ಸಾವಿರ ಪಾಲು ಚೂಪು.

"ಬೇಡ. ಬೇಸಾಯಕ್ಕೆ, ಅಡುಗೆಗೆ ಇಟ್ಕೊಂಡಿರೋದಕ್ಕೆ ಬೇಡ."

"ಸರಿ ಬಿಡಿ. ಅಡುಗೆ ಮನೇಲಿ ಏನಾದ್ರೂ ಆದ್ರೆ ಸರ್ಕಾರ ಕೇಳಲ್ಲ ಅನ್ನಿ."

ತಾತನಿಗೆ ಇದ್ದ ಒಂದೇ ಹೊಟ್ಟೆಕಿಚ್ಚು ಕೊಡಗಿನವರ ಮೇಲೆ. ಬ್ರಿಟಿಷರ ಕಾಲದಿಂದಲೂ ಅವರಿಗೆ ಬಂದೂಕಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಮಗೆ ಮಾತ್ರ ಆಗಾಗ ರಿನ್ಯೂವಲ್ಲು ಎಂದು ಅವರು ಪೇಪರು ಮಡಚಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ಕೊಡಗಿನವರು ಬಂದೂಕು ಹೊಡೆಯುತ್ತಾರೆ, ನೀವು ಒರೆಸ್ತೀರ ಅಷ್ಟೇ ಎಂದು ಅಜ್ಜಿ ತಿರುಗೇಟು ಕೊಡುತ್ತಿದ್ದರು.

ಅಜ್ಜಿ ಹೇಳುತ್ತಿದ್ದದ್ದು ನಿಜ. ಆ ಬಂದೂಕಿನಿಂದ ತಾತ ಗುಂಡು ಹಾರಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಅದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು, ಆದರೆ ಊರಿನಲ್ಲಿ ಇವತ್ತಿಗೂ ನಿನ್ನೆ ಆದ ಹಾಗೆ ಹೇಳುತ್ತಾರೆ. ಕಡಲೆಕಾಯಿ ಕೀಳುವ ಕಾಲ, ಸಂಜೆಗೇ ಹಂದಿ ಬಂದಿತ್ತು. ತಾತ ಮದ್ದು ಜಡಿದು ಆಕಾಶಕ್ಕೆ ಒಂದು ಹೊಡೆದರು. ಹಂದಿ ತಲೆ ಎತ್ತಿ ನೋಡಿ ಮತ್ತೆ ತಿನ್ನುವುದಕ್ಕೆ ಬಾಗಿತಂತೆ. ಊರಿನೊಳಗೆ ಮಾತ್ರ ದೊಡ್ಡ ರಾದ್ಧಾಂತವಾಯಿತು. ಎದುರು ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದ ಹುಳುವಿನ ಹತ್ತಿರ ಜೋರಾಗಿ ಮಾತಾಡುವುದಿಲ್ಲ, ಬೀಡಿ ಸೇದುವುದಿಲ್ಲ, ಒಗ್ಗರಣೆಯನ್ನೂ ಅಂಜಿ ಅಂಜಿ ಹಾಕುತ್ತಾರೆ. ಅಂಥದ್ದರಲ್ಲಿ ಬಂದೂಕು.

ಎದುರು ಮನೆಯಾಕೆ ಹುಳುವಿನ ತಟ್ಟೆಯನ್ನೇ ಎತ್ತಿಕೊಂಡು ಬಂದು ನಮ್ಮ ಜಗಲಿಯ ಮೇಲಿಟ್ಟರಂತೆ. "ಮೇಷ್ಟ್ರೇ, ನೀವು ಹೊಡೆದಿದ್ದು ಹಂದೀನೋ, ನನ್ನ ಹುಳೂನೋ?"

ಸದ್ದಿಗೆ ಹುಳು ನಿಜವಾಗಿ ಕೆಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಸಮಾಜ ಪಾಠ ಮಾಡುವವಳು. ಆ ಸಲ ಆ ಮನೆಯ ಬೆಳೆ ಕೆಟ್ಟಿತು ಎನ್ನುವುದು ಮಾತ್ರ ಸತ್ಯ. ಹಿರಿಯರು ಅರಳಿ ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು: ಊರಿನ ಯಾವುದೇ ಮನೆಯಲ್ಲಿ ಹುಳು ಜ್ವರಕ್ಕೆ ಕೂತಿದ್ದರೆ, ಇಲ್ಲವೇ ಹಣ್ಣಾಗಿ ಗೂಡು ಕಟ್ಟುತ್ತಿದ್ದರೆ, ಬಂದೂಕು ಹೊಡೆಯಕೂಡದು. ತಾತ ತಲೆ ಅಲ್ಲಾಡಿಸಿ ಒಪ್ಪಿಕೊಂಡು ಬಂದರು. ಮನೆಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು, ಊರಿನಲ್ಲಿ ಒಂದಲ್ಲ ಒಂದು ಮನೆಯಲ್ಲಿ ಒಂದಲ್ಲ ಒಂದು ಜ್ವರ ಇಲ್ಲದ ದಿನವೇ ಇಲ್ಲ. ಸರ್ಕಾರದ ಕಾನೂನು ಹೊಡೆಯಬಹುದು ಎಂದಿತ್ತು, ಊರಿನ ಕಾನೂನು ಹೊಡೆಯಬಾರದು ಎಂದಿತು. ನಾನು ಮಕ್ಕಳಿಗೆ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಪಾಠ ಮಾಡುವಾಗಲೆಲ್ಲ ನಮ್ಮ ಅರಳಿ ಕಟ್ಟೆ ನೆನಪಾಗಿ ನಗು ಬರುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದ ಆ ಕಾನೂನನ್ನು ಯಾರೂ ಇಲ್ಲಿಯವರೆಗೆ ಮುರಿದಿಲ್ಲ.

ಹಾಗಾದರೆ ಹೊಡೆಯದ ಬಂದೂಕನ್ನು ಯಾಕೆ ಇಟ್ಟುಕೊಂಡಿದ್ದರು? ಅದಕ್ಕೆ ಉತ್ತರ ಚುನಾವಣೆ.

ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕಿತ್ತು. ಫಲಿತಾಂಶ ಬಂದು ಎಲ್ಲ ತಣ್ಣಗಾದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಉಳಿದವರಿಗೆ ಇದು ತಲೆನೋವು. ನಮ್ಮ ಅಜ್ಜಿಗೆ ಇದು ಹಬ್ಬ. ಯಾಕೆಂದರೆ ಹುಳು ಮನೆಯ ಹೆಂಗಸು ಸುಮ್ಮನೆ ಪೇಟೆಗೆ ಹೊರಡುವ ಹಾಗಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹುಳುವಿನ ಕೆಳಗಿನ ಕಸದ ಹಾಸು ತೆಗೆಯಬೇಕು. ಹುಳು ಬಿಟ್ಟು ಗಂಡನ ಜೊತೆ ತಿರುಗೋದಕ್ಕೆ ಹೋದಳು ಎಂದರೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡುವ ಹಾಗೆಯೇ ಇಲ್ಲ. ಆದರೆ ಸರ್ಕಾರದ ಆಜ್ಞೆ ಬಂದರೆ? ಬಂದೂಕು ಒಬ್ಬರೇ ಒಯ್ಯುವುದು ಸರಿಯಲ್ಲ, ಜೊತೆಗೊಬ್ಬರು ಇರಬೇಕು ಎಂದು ತಾತ ಊರಿಗೆಲ್ಲ ಹೇಳಿಬಿಟ್ಟಿದ್ದರು. ಇದು ಯಾವ ಷರತ್ತಿನಲ್ಲೂ ಇರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಇರಲೇಬೇಕು ಎಂದು ಎಲ್ಲರೂ ನಂಬಿದರು. ಎದುರು ಮನೆಯಾಕೆಯೇ ಬಂದು, "ನೀವು ಹೋಗ್ಬನ್ನಿ, ಸೊಪ್ಪು ನಾನು ಹಾಕ್ತೀನಿ, ಗೌರ್ಮೆಂಟ್ ಕೆಲಸ" ಎಂದು ಹುಳು ಮನೆಯ ಹೊಣೆ ಹೊತ್ತುಕೊಳ್ಳುತ್ತಿದ್ದರು.

ನಾನೊಮ್ಮೆ ಹಟ ಮಾಡಿ ಅವರ ಜೊತೆ ಹೋಗಿದ್ದೆ. ತಾತ ಬಂದೂಕಿಗೆ ಎಣ್ಣೆ ಹಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಮೂರು ಕಡೆ ಲಾಡಿ ಕಟ್ಟಿದ್ದರು. ಅಜ್ಜಿ ನೇರಳೆ ಬಣ್ಣದ ಸೀರೆ ಉಟ್ಟು, ಕನಕಾಂಬರ ಮುಡಿದಿದ್ದರು. ಬಸ್ಸಿನಲ್ಲಿ ಒಬ್ಬರು ಅದು ತಂಬೂರಿಯೇ ಎಂದು ಕೇಳಿದರು. "ಹೂಂನಪ್ಪ, ಆದ್ರೆ ಒಂದೇ ಸ್ವರ ಬರೋದು" ಎಂದರು ಅಜ್ಜಿ. ಶಿಡ್ಲಘಟ್ಟದ ಠಾಣೆಯಲ್ಲಿ ಪೇದೆ ಬಂದೂಕಿಗೆ ಒಂದು ಚೀಟಿ ಕಟ್ಟಿ ಒಳಗೆ ಒಯ್ದರು, ತಾತನ ಕೈಗೆ ರಸೀದಿ ಕೊಟ್ಟರು. ಇಷ್ಟಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಳಿದ ದಿನವೆಲ್ಲ ಅವರದು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕಿಟಕಿ ಪಕ್ಕದ ಟೇಬಲ್ಲು, ಮಸಾಲೆ ದೋಸೆ, ಆಮೇಲೆ ಬೈಟು ಕಾಫಿ. ಆಮೇಲೆ ಮ್ಯಾಟಿನಿ. ಸಿನಿಮಾದಲ್ಲಿ ಬಂದೂಕು ಹೊಡೆದಾಗಲೆಲ್ಲ ತಾತ ಅಜ್ಜಿಯ ಕಿವಿಯಲ್ಲಿ, "ಲೈಸೆನ್ಸ್ ಇರಲ್ಲ ಅವನಿಗೆ" ಎನ್ನುತ್ತಿದ್ದರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಡುವುದಕ್ಕೆ ಒಂದು ಸಲ, ಬಿಡಿಸಿಕೊಳ್ಳುವುದಕ್ಕೆ ಒಂದು ಸಲ. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ವಿಧಾನಸಭೆ, ಲೋಕಸಭೆ, ಯಾವುದನ್ನೂ ಅಜ್ಜಿ ಕಡೆಗಣಿಸಿದವರಲ್ಲ. ಎಲ್ಲೋ ಸರ್ಕಾರ ಬಿತ್ತು ಎಂದು ರೇಡಿಯೋದಲ್ಲಿ ಬಂದರೆ ಊರೆಲ್ಲ ಛೇ ಎನ್ನುವಾಗ ಅಜ್ಜಿ ಒಳಗೆ ಹೋಗಿ ಸೀರೆ ನೆರಿಗೆ ನೋಡಿಕೊಳ್ಳುತ್ತಿದ್ದರು. ಸ್ಥಿರ ಸರ್ಕಾರ ಎನ್ನುವ ಮಾತು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ.

ತಾತ ತೀರಿಕೊಂಡದ್ದು ಒಂದು ಚುನಾವಣೆಯ ನಡುವೆ. ವೋಟು ಹಾಕಿ ಬಂದಿದ್ದರು, ಎಣಿಕೆ ಇನ್ನೂ ಆಗಿರಲಿಲ್ಲ. ಬಂದೂಕು ಠಾಣೆಯಲ್ಲಿತ್ತು. ತಿಥಿಯೆಲ್ಲ ಮುಗಿದ ಮೇಲೆ ಅಪ್ಪ ಹೋಗಿ ಕೇಳಿದರೆ, ಲೈಸೆನ್ಸ್ ಇದ್ದವರು ಇಲ್ಲ, ವಾರಸುದಾರರು ಹೊಸದಾಗಿ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು, ಬೇಡವಾದರೆ ಸರ್ಕಾರಕ್ಕೆ ಬಿಟ್ಟುಕೊಡಬಹುದು ಎಂದರು. ಅಪ್ಪ ಚಿಕ್ಕಬಳ್ಳಾಪುರದ ಆಫೀಸೊಂದರಲ್ಲಿ ಗುಮಾಸ್ತರು. ಅರ್ಜಿ ಎಂದರೆ ಏನು ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರಿಲ್ಲ. ಅದಕ್ಕೇ ಅವರು ಬಿಟ್ಟುಬಿಡೋಣ ಎಂದರು.

"ನಾನು ಹಾಕ್ತೀನಿ ಅರ್ಜಿ" ಎಂದರು ಅಜ್ಜಿ.

"ಯಾಕಮ್ಮ? ಯಾವ ಹಂದಿ ಇದೆ ಈಗ? ಸುತ್ತ ಲೇಔಟ್ ಆಗಿದೆ."

"ಲೇಔಟಿಗೂ ಬರ್ತವೆ."

ಅಮ್ಮ ಅಡುಗೆ ಮನೆಯಿಂದಲೇ ನನ್ನ ಕಡೆ ನೋಡಿದರು. ಅಜ್ಜಿಗೆ ಏನು ಬೇಕಾಗಿತ್ತು ಎಂದು ನನಗೂ ಅಮ್ಮನಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಆ ಕಬ್ಬಿಣವಲ್ಲ. ಬಂದೂಕು ಮನೆಯಲ್ಲಿದ್ದರೆ ಚುನಾವಣೆ ಬಂದಾಗ ಪೇಟೆಗೆ ಹೋಗಬೇಕಾಗುತ್ತದೆ. ಬಂದೂಕಿಲ್ಲದ ಹೆಂಗಸಿಗೆ ಹೋಗಲು ಕಾರಣವೇ ಇಲ್ಲ. ನಾನು ಕರೆದುಕೊಂಡು ಹೋಗ್ತೀನಿ ಬಾ ಅಜ್ಜಿ, ಭಾನುವಾರ ಹೋಗಣ ಎಂದು ನಾನು ಆಗಲೇ ಕರೆದಿದ್ದೆ. ಹುಳು ಇರೋ ಮನೆ ಬಿಟ್ಟು ದೋಸೆ ತಿನ್ನೋಕೆ ಹೋಗ್ತಾರೇನೇ ಎಂದು ಬೈದಿದ್ದರು. ಈಗ ಹುಳು ನೋಡಿಕೊಳ್ಳುತ್ತಿದ್ದದ್ದು ಅಮ್ಮ. ಆದರೂ ಅಜ್ಜಿಯ ಲೆಕ್ಕದಲ್ಲಿ ಆ ಮನೆ ಇನ್ನೂ ಅವರನ್ನು ಬಿಟ್ಟಿರಲಿಲ್ಲ. ಸರ್ಕಾರ ಕರೆದರೆ ಮಾತ್ರ ಹೊರಡುವ ಹೆಂಗಸು ಅವರು. ಹಾಗಾಗಿ ಅರ್ಜಿ ಹಾಕಿದೆವು. ನನಗೆ ಸ್ವಲ್ಪ ಸಿಟ್ಟೂ ಇತ್ತು, ಅಜ್ಜಿಯ ಮೇಲೋ ಹುಳುಗಳ ಮೇಲೋ ಸರಿಯಾಗಿ ಹೇಳಲಾರೆ.

ಮೊದಲು ವಿಚಾರಣೆಗೆ ಮನೆಗೆ ಪೇದೆ ಬಂದರು. ಚಿಂತಾಮಣಿ ಕಡೆಯವರು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಜಗಲಿಯ ಮೇಲೆ ಕೂತು ಪ್ರಶ್ನೆ ಶುರು ಮಾಡಿದರು.

"ಏಮಮ್ಮಾ, ನಿಮಗೆ ಯಾರಾದ್ರೂ ವೈರಿಗಳು ಇದಾರಾ?"

"ಇದ್ರಪ್ಪ. ಎಲ್ಲಾ ಹೋಗ್ಬಿಟ್ರು, ನಾನೊಬ್ಬಳೇ ಉಳ್ಕೊಂಡಿದೀನಿ."

"ಜಗಳ ಗಿಗಳ?"

"ಸೊಸೆ ಜೊತೆ. ಅದೂ ಮೊದಲಿನಷ್ಟಿಲ್ಲ."

ಪೇದೆ ಅಮ್ಮನ ಮುಖ ನೋಡಿದರು. ಅಮ್ಮ, ಹೌದು ಎಂದು ತಲೆ ಅಲ್ಲಾಡಿಸಿ ಕಾಫಿ ಲೋಟ ಮುಂದಿಟ್ಟರು. ವರದಿ ಒಳ್ಳೆಯದೇ ಹೋಯಿತು.

ಆಮೇಲೆ ಡಾಕ್ಟರ್ ಸರ್ಟಿಫಿಕೇಟು. ಕಣ್ಣು ಹೇಗಿದೆ ಎಂದು ಆಸ್ಪತ್ರೆಯಲ್ಲಿ ಕೇಳಿದರು. ಹಣ್ಣಾದ ಹುಳು ಯಾವುದು, ಆಗದ ಹುಳು ಯಾವುದು ಅಂತ ದೀಪ ಇಲ್ಲದೇ ಹೇಳ್ತೀನಿ ಎಂದರು ಅಜ್ಜಿ. ಹಣ್ಣಾಗುವುದು ಎಂದರೆ ಹುಳು ಮೈ ತಿಳಿಯಾಗಿ ಹಳದಿಗೆ ತಿರುಗಿ ನೂಲು ಬಿಡಲು ತಯಾರಾಗುವುದು. ಅದನ್ನು ಗುರುತಿಸಲು ನಿಜಕ್ಕೂ ಒಳ್ಳೆಯ ಕಣ್ಣು ಬೇಕು. ಡಾಕ್ಟರ್ ಬೆಂಗಳೂರಿನ ಹುಡುಗಿ, ಇದು ಅವಳಿಗೆ ಅರ್ಥವಾಗದೆ ಗೋಡೆಯ ಮೇಲಿನ ಅಕ್ಷರ ಓದಿಸಿದಳು. ಅಜ್ಜಿ ಅಷ್ಟೂ ಸಾಲು ಓದಿ, ಕೆಳಗೆ ಸಣ್ಣಗೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದರು. ತಾತನ ಚಾಳಿ ಅಂಟಿಕೊಂಡಿತ್ತು.

ಕೊನೆಯದು ತರಬೇತಿ. ಈಗಿನ ನಿಯಮದಲ್ಲಿ ಬಂದೂಕನ್ನು ಸುರಕ್ಷಿತವಾಗಿ ಹಿಡಿಯಲು ಬರುತ್ತದೆ ಎಂದು ತೋರಿಸಿ ಪ್ರಮಾಣಪತ್ರ ತರಬೇಕು. ಚಿಕ್ಕಬಳ್ಳಾಪುರದ ಹೊರಗೆ, ಬೆಟ್ಟದ ಬುಡದ ಮೈದಾನಕ್ಕೆ ಹೋದೆವು. ಕಲಿಸುವವರು ಬಾಗಲಕೋಟೆ ಕಡೆಯವರು, ದೊಡ್ಡ ಮೀಸೆ, ಸಣ್ಣ ದನಿ. ಅಜ್ಜಿಗೆ ಬಂದೂಕು ಹೇಗೆ ಹಿಡಿಯಬೇಕು, ನಳಿಗೆ ಯಾವ ಕಡೆ ಇರಬೇಕು ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ತಾತ ಇದ್ದಷ್ಟು ದಿನ ಅಜ್ಜಿ ಆ ಬಂದೂಕನ್ನು ಮುಟ್ಟಿದವರೇ ಅಲ್ಲ, ಇನ್ನೊಬ್ಬರ ಕೈಗೆ ಕೊಡತಕ್ಕದ್ದಲ್ಲ ಎಂದು ಷರತ್ತಿತ್ತಲ್ಲ. ಈಗ ಕೈಯಲ್ಲಿ ಯಾವುದೋ ಬೇರೆ ಬಂದೂಕು ಹಿಡಿದು ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಹೊಡೀರಿ ಅಮ್ಮಾರ ಎಂದು ಮೀಸೆಯವರು ಹೇಳಿದ ಮೇಲೆ ಅಜ್ಜಿ ಬಂದೂಕು ಕೆಳಗಿಳಿಸಿದರು.

"ಇಲ್ಲಿ ಸುತ್ತ ಯಾರ ಮನೇಲಾದ್ರೂ ಹುಳು ಜ್ವರಕ್ಕೆ ಕೂತಿದ್ದಾವಾ?"

ಮೀಸೆಯವರಿಗೆ ಏನೂ ತಿಳಿಯಲಿಲ್ಲ. "ಯಾವ ಹುಳಾ ರೀ? ಯಾರಿಗೆ ಜ್ವರಾ ಬಂದೈತ್ರಿ?"

ಅಜ್ಜಿ ಮೈದಾನದ ಕಾಂಪೌಂಡಿನ ಆಚೆ ಕೈ ತೋರಿಸಿದರು. ಅಲ್ಲಿ ಹಿಪ್ಪುನೇರಳೆ ತೋಟವಿತ್ತು. ತೋಟ ಇದ್ದ ಮೇಲೆ ಹುಳು ಮನೆ ಇರಲೇಬೇಕು, ಅವರನ್ನು ಕೇಳದೆ ನಾನು ಹೊಡೆಯೋದಿಲ್ಲ ಎಂದು ಪಟ್ಟು ಹಿಡಿದರು. ಮೀಸೆಯವರು ನನ್ನ ಕಡೆ ನೋಡಿದರು, ನಾನು ಬೆಟ್ಟದ ಕಡೆ ನೋಡಿದೆ. ದಿನಾ ಇಲ್ಲಿ ಹೊಡೀತಾರ್ರೀ ಎಂದು ಅವರು ಹೇಳಿ ನೋಡಿದರು. ಅದಕ್ಕೆ ಅಜ್ಜಿ, ದಿನಾ ಹೊಡೆಯೋರು ಕೇಳಿರಲ್ಲ ಎಂದರು. ಕೊನೆಗೆ ನಾನು ಗೇಟು ದಾಟಿ, ತೋಟದ ಬದುವಿನ ಮೇಲೆ ನಡೆದು ಆ ಮನೆ ಬಾಗಿಲಲ್ಲಿ ನಿಂತು, ನಾಚಿಕೆ ಬಿಟ್ಟು ಕೇಳಿದೆ. ಆ ಮನೆಯ ಹೆಂಗಸು ನಗಲಿಲ್ಲ. ಇದು ಕೇಳಬೇಕಾದ ಮಾತೇ ಎನ್ನುವಂತೆ ಉತ್ತರ ಕೊಟ್ಟಳು.

"ನಮ್ದು ಗೂಡು ನಿನ್ನೆ ಮಾರ್ಕೆಟ್ಟಿಗೆ ಹೋಯ್ತು ಕಣಮ್ಮ. ಹೊಡ್ಕಳ್ಳಿ. ಕೇಳಿದ್ದು ಒಳ್ಳೇದಾಯ್ತು, ಇಷ್ಟು ದಿನ ಒಬ್ರೂ ಕೇಳಿರಲಿಲ್ಲ."

ಅಜ್ಜಿ ಕಣ್ಣು ಮುಚ್ಚಿಕೊಂಡು ಹೊಡೆದರು. ಗುರಿ ಹಲಗೆಗೆ ಏನೂ ಆಗಲಿಲ್ಲ. ಅಜ್ಜಿ ಹಿಂದಕ್ಕೆ ಬಂದು ನನ್ನ ಮೇಲೆ ಕೂತರು, ನಾನು ನೆಲದ ಮೇಲೆ ಕೂತೆ. ಸದ್ದು ಬೆಟ್ಟಕ್ಕೆ ಹೋಗಿ ತಿರುಗಿ ಬಂತು.

"ಇಷ್ಟು ಜೋರಾ ಇದು?" ಎಂದರು ಅಜ್ಜಿ, ಕಿವಿ ಉಜ್ಜಿಕೊಳ್ಳುತ್ತ. "ಪಾಪ, ಅವಳ ಹುಳು ಕೆಡದೇ ಇನ್ನೇನಾಗುತ್ತೆ."

ಎದುರು ಮನೆಯಾಕೆಗೆ ಅಷ್ಟು ವರ್ಷಗಳ ಮೇಲೆ ಅವತ್ತು ನ್ಯಾಯ ಸಿಕ್ಕಿತು. ಗುರಿ ತಪ್ಪಿದರೂ ನಳಿಗೆ ಯಾರ ಕಡೆಗೂ ತಿರುಗಿಸಲಿಲ್ಲ, ಹೊಡೆಯುವ ಮುಂಚೆ ಸುತ್ತಮುತ್ತ ವಿಚಾರಿಸಿದರು, ಇಷ್ಟು ಕಾಳಜಿ ಮಾಡಿದೋರನ್ನ ನಾ ನೋಡಿಲ್ಲ ಎಂದು ಮೀಸೆಯವರು ಪ್ರಮಾಣಪತ್ರ ಕೊಟ್ಟರು.

ಹೀಗೆ ನಮ್ಮ ಅಜ್ಜಿ ಬಂದೂಕಿನ ಲೈಸೆನ್ಸ್‌ದಾರರಾದರು. ಬಂದೂಕು ಠಾಣೆಯಿಂದ ಮನೆಗೆ ಬಂತು. ಅವತ್ತು ರಜೆ ಹಾಕಿ ಅಪ್ಪನೇ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದರು, ಬಿಸಿಲು ಏರುವ ಮುಂಚೆ ಸ್ಕೂಟರಿನಲ್ಲಿ ನೇರವಾಗಿ ವಾಪಸು ಕರೆದುಕೊಂಡು ಬಂದರು. ಹೋಟೆಲ್ ಮುಂದೆಯೇ ಬಂದರೂ ನಿಲ್ಲಿಸಲಿಲ್ಲವಂತೆ. ಅಪ್ಪ ಒಳ್ಳೆಯವರು, ಆದರೆ ಗುಮಾಸ್ತರು. ಅಜ್ಜಿ ಬಂದೂಕನ್ನು ಅದೇ ಎರಡು ಗೂಟದ ಮೇಲಿಟ್ಟು, ಇರಲಿ ಬಿಡು, ಎಲೆಕ್ಷನ್ ಬರಲಿ ಎಂದರು.

ಎಲೆಕ್ಷನ್ ಬಂತು. ಟಿವಿಯಲ್ಲಿ ದಿನಾಂಕ ಹೇಳುತ್ತಿದ್ದ ಹಾಗೆ ಅಜ್ಜಿ ನೇರಳೆ ಸೀರೆ ಬಿಸಿಲಿಗೆ ಹಾಕಿದರು. ಬಂದೂಕಿಗೆ ಎಣ್ಣೆ ಹಚ್ಚಿದರು, ಪಂಚೆ ಸುತ್ತಿದರು, ಲಾಡಿ ಕಟ್ಟಿದರು. ಎದುರು ಮನೆಗೆ ಸುದ್ದಿ ಕಳಿಸಿದರು. ಠಾಣೆಯಿಂದ ಮಾತ್ರ ಸೂಚನೆ ಬರಲಿಲ್ಲ. ದಿನಾ ಗೇಟಿನ ಕಡೆ ನೋಡುವುದು, ನನ್ನ ಫೋನಿನಲ್ಲಿ ಏನಾದರೂ ಬಂತಾ ಎಂದು ಕೇಳುವುದು. ತಡೆಯಲಾರದೆ ನಾನು ಠಾಣೆಗೆ ಫೋನ್ ಮಾಡಿದೆ.

ಈಗ ಹಾಗಿಲ್ಲ ಎಂದರು ಅಲ್ಲಿನವರು. ಎಲ್ಲರೂ ಇಡಬೇಕಾಗಿಲ್ಲ. ಒಂದು ಸಮಿತಿ ಕೂತು ಪಟ್ಟಿ ನೋಡುತ್ತದೆ. ಕೇಸು ಇರುವವರು, ಜಾಮೀನಿನ ಮೇಲೆ ಹೊರಗಿರುವವರು, ಹಿಂದೆ ಗಲಾಟೆ ಮಾಡಿದವರು, ಇಂಥವರಿಂದ ಅಪಾಯ ಎಂದು ಕಂಡರೆ ಅವರದ್ದನ್ನು ಮಾತ್ರ ಇಡಿಸಿಕೊಳ್ಳುತ್ತಾರೆ. ಅಜ್ಜಿಯವರದು ವಿನಾಯಿತಿ ಆಗಿದೆ ಮೇಡಂ, ಅವರು ಆರಾಮಾಗಿ ಮನೇಲೇ ಇಟ್ಕೋಬಹುದು.

ಒಳ್ಳೆಯ ಸುದ್ದಿ ಎಂಬ ದನಿಯಲ್ಲಿ ಅವರು ಹೇಳಿದ್ದನ್ನು ನಾನು ಅಜ್ಜಿಗೆ ಹೇಗೆ ಹೇಳುವುದು? ಹೇಳಿದೆ.

"ಅಂದ್ರೆ ನನ್ನಿಂದ ಏನೂ ಅಪಾಯ ಇಲ್ಲ ಅಂತಾನಾ?"

"ಇಲ್ಲ ಅಂತ ಅಜ್ಜಿ."

"ನಿಮ್ಮ ತಾತನಿಂದ ಇತ್ತಾ? ಹಲ್ಲಿ ಬಿದ್ರೆ ಬೆಚ್ಚಿ ಬೀಳೋರು. ಅವರನ್ನ ಅಷ್ಟು ಸಲ ಕರೆಸಿದ್ರಲ್ಲ? ನಡಿ ಹೋಗಣ. ನಾನೇ ಕೇಳ್ತೀನಿ."

ಬಸ್ಸಿನಲ್ಲಿ ಆಗ ನಾವಿಬ್ಬರೂ, ನಡುವೆ ಪಂಚೆ ಸುತ್ತಿದ ಬಂದೂಕು. ಅಜ್ಜಿ ನೇರಳೆ ಸೀರೆ ಉಟ್ಟಿದ್ದರು, ಕನಕಾಂಬರ ಮಾತ್ರ ಇರಲಿಲ್ಲ. ನಾನು ಕಿಟಕಿಯಾಚೆ ನೋಡುತ್ತ, ಅಲ್ಲಿ ಏನು ಅವಮಾನ ಕಾದಿದೆಯೋ ಎಂದುಕೊಳ್ಳುತ್ತಿದ್ದೆ. ಠಾಣೆಯವರು ವಾಪಸು ಕಳಿಸಿಬಿಟ್ಟರೆ ಅಜ್ಜಿ ಇನ್ನು ಎಲ್ಲಿಗೂ ಹೊರಡುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದ್ದು ಅಜ್ಜಿಗೆ ಕುರ್ಚಿ ಹಾಕಿಸಿದಳು. ಅಜ್ಜಿ ಕೂರಲಿಲ್ಲ. ಬಂದೂಕನ್ನು ಮೇಜಿನ ಮೇಲೆ ಅಡ್ಡ ಇಟ್ಟರು.

"ಇದನ್ನ ಇಟ್ಕೋಬೇಕಮ್ಮ ನೀನು."

"ಅಜ್ಜಿ, ನಿಮಗೆ ವಿನಾಯಿತಿ ಕೊಟ್ಟಿದ್ದಾರೆ. ಮುಂಚೆ ಎಲ್ರಿಗೂ ತೊಂದ್ರೆ ಆಗ್ತಿತ್ತು, ಇಷ್ಟು ದೂರ ಹೊತ್ಕೊಂಡು ಬರಬೇಕಿತ್ತು. ಸುಮ್ಸುಮ್ನೆ ಜನಕ್ಕೆ ತೊಂದ್ರೆ ಕೊಡಬೇಡಿ ಅಂತ ಕೋರ್ಟೂ ಹೇಳಿದೆ."

"ನಮಗೆ ತೊಂದ್ರೆ ಆಗ್ತಾ ಇತ್ತು ಅಂತ ಕೋರ್ಟಿಗೆ ಯಾರಮ್ಮ ಹೇಳಿದ್ದು?"

ಅಜ್ಜಿಯ ದನಿಯಲ್ಲಿ ಜಗಳ ಇರಲಿಲ್ಲ. ಯಾರು ಹೇಳಿದರು ಎಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ನಮ್ಮ ಹಿಂದೆ, ಹೆಸರಿನ ಮೇಲೆ ಯಾವುದೋ ಕೇಸಿದ್ದ ಇಬ್ಬರು ಗಂಡಸರು ತಮ್ಮ ಬಂದೂಕಿಗೆ ಚೀಟಿ ಕಟ್ಟಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದರು. ಅಜ್ಜಿ ಅವರನ್ನು ಅಸೂಯೆಯಿಂದ ನೋಡಿದರು.

ಸಬ್ ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದಳು, ಅಜ್ಜಿಯ ಸೀರೆ ನೋಡಿದಳು. ಏನರ್ಥವಾಯಿತೋ. ಮೆತ್ತಗೆ ಹೇಳಿದಳು.

"ಇಡಲೇಬೇಕು ಅಂದ್ರೆ ಇಡ್ರಿ ಅಜ್ಜಿ. ಮನೇಲಿ ಸೇಫ್ ಇರಲ್ಲ ಅನ್ಸಿದ್ರೆ, ಊರಿಗೆ ಗೀರಿಗೆ ಹೋಗೋದಿದ್ರೆ, ಲೈಸೆನ್ಸ್ ಇರೋರು ತಾವಾಗೇ ತಂದು ಇಡಬಹುದು. ಅದಕ್ಕೆ ಎಲೆಕ್ಷನ್ನೇ ಆಗಬೇಕು ಅಂತೇನಿಲ್ಲ."

"ಎಲೆಕ್ಷನ್ ಇಲ್ದೇ ಇದ್ರೂ?"

"ಯಾವಾಗ ಬೇಕಾದ್ರೂ."

"ಮುಂಚೇನೂ ಹಾಗೇ ಇತ್ತಾ?"

"ಮುಂಚಿಂದಾನೂ ಇದೆ ಅಜ್ಜಿ."

ಅಜ್ಜಿ ಆಗ ಕುರ್ಚಿಯಲ್ಲಿ ಕೂತರು. ಪೇದೆ ಬಂದು ಬಂದೂಕಿಗೆ ಚೀಟಿ ಕಟ್ಟಿದರು. ರಸೀದಿಯನ್ನು ಅಜ್ಜಿಯ ಕೈಗೆ ಕೊಟ್ಟರು. ಅವರು ಅದನ್ನು ಓದಲಿಲ್ಲ, ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡರು.

ಹೋಟೆಲಿನಲ್ಲಿ ಕಿಟಕಿ ಪಕ್ಕದ ಟೇಬಲ್ಲು ಖಾಲಿ ಇತ್ತು. ಕಲ್ಲಿನ ಮೇಲ್ಪದರ ತೆಗೆದು ಸ್ಟೀಲಿನದು ಹಾಕಿಸಿದ್ದರು. ದೋಸೆ ಬಂತು. ಅಜ್ಜಿ ಒಂದು ತುಂಡು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

"ಯಾವಾಗ ಬೇಕಾದ್ರೂ ಬರಬಹುದಿತ್ತಂತೆ ಕಣೇ" ಎಂದರು. "ನಾವಿಬ್ರೂ ಎಲೆಕ್ಷನ್ ಎಲೆಕ್ಷನ್ ಅಂತ ಕಾಯ್ಕೊಂಡು ಕೂತಿದ್ವಲ್ಲ."

"ತಾತನಿಗೆ ಗೊತ್ತಿರಲಿಲ್ಲ ಅನ್ಸುತ್ತೆ ಅಜ್ಜಿ."

"ಗೊತ್ತಿದ್ದಿದ್ರೆ ಬಿಡ್ತಿದ್ರಾ? ನನಗಿಂತ ಅವರಿಗೇ ದೋಸೆ ಅಂದ್ರೆ ಪ್ರಾಣ." ಅಜ್ಜಿ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಅವರು ಆ ತುಂಡನ್ನು ಚಟ್ನಿಗೆ ಅದ್ದಿ ತಿಂದು, ಇನ್ನೊಂದು ಮುರಿದರು.

ಅರ್ಧ ದೋಸೆ ಮುಗಿದ ಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

"ಬರೋ ಶನಿವಾರ ನಿಂಗೆ ಅರ್ಧ ದಿನ ತಾನೇ ಸ್ಕೂಲು? ಬಂದು ಬಿಡಿಸ್ಕೊಂಡು ಹೋಗಣ."

"ಆಮೇಲೆ?"

"ಅದರ ಮುಂದಿನ ಶನಿವಾರ ತಂದು ಇಡಣ" ಎಂದರು ಅಜ್ಜಿ, ಮತ್ತೆ ಬೈಟು ಕಾಫಿ ಹೇಳಿದರು.